ಹಾರ್ಡ್ ಡಿಸ್ಕ್ ಸಂಪರ್ಕ ವಿಧಾನಗಳು: ಹಳೆಯ ಲೆಕ್ಕಪತ್ರವನ್ನು ಹೊಸ ಗಣಕಯಂತ್ರಕ್ಕೆ ತರುವ ಮುನ್ನ

ಎಣ್ಣೆ ನಗರವೆಂದು ಹೆಸರಾದ ಚಳ್ಳಕೆರೆಯ ಗಿರಣಿಗಳಲ್ಲಿ, ಶೇಂಗಾ ಮಂಡಿಗಳಲ್ಲಿ, ಕಂಬಳಿ ವ್ಯಾಪಾರದ ಮಳಿಗೆಗಳಲ್ಲಿ ಹಾಗೂ ಮೊಳಕಾಲ್ಮುರಿನ ರೇಷ್ಮೆ ಸೀರೆ ತಯಾರಕರಲ್ಲಿ ಗಣಕಯಂತ್ರದ ಲೆಕ್ಕಪತ್ರ ಇಂದು ಸಾಮಾನ್ಯ ಸಂಗತಿಯಾಗಿದೆ. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಅನೇಕ ವರ್ತಕರು ಕೈಬರಹದ ಖಾತೆ ಪುಸ್ತಕಗಳನ್ನು ಬದಿಗಿಟ್ಟು ಟ್ಯಾಲಿಯಂತಹ ತಂತ್ರಾಂಶಗಳತ್ತ ತಿರುಗಿದರು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ನಂತರವಂತೂ ಗಣಕಯಂತ್ರವಿಲ್ಲದೆ ವಹಿವಾಟು ನಡೆಸುವುದೇ ಕಷ್ಟವಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಹಳೆಯ ಯಂತ್ರಗಳನ್ನು ಬದಲಾಯಿಸುವ ಕಾರ್ಯವೂ ಹಲವೆಡೆ ನಡೆದಿದೆ.

ಹೊಸ ಯಂತ್ರ ಮೇಜಿನ ಮೇಲೆ ಬಂದೊಡನೆ ಹಳೆಯದು ಅಟ್ಟಕ್ಕೋ ಗುಜರಿಗೋ ಹೋಗುತ್ತದೆ. ಮುಂದೊಂದು ದಿನ ಹಿಂದಿನ ವರ್ಷದ ಲೆಕ್ಕ ಒದಗಿಸುವಂತೆ ಇಲಾಖೆಯಿಂದ ತಿಳಿವಳಿಕೆ ಪತ್ರ ಬಂದಾಗ ಹಳೆಯ ಹಾರ್ಡ್ ಡಿಸ್ಕಿನ ನೆನಪಾಗುತ್ತದೆ. ಅದನ್ನು ಹೊರತೆಗೆದು ನೋಡಿದರೆ ಹೊಸ ಯಂತ್ರದಲ್ಲಿ ಅದಕ್ಕೆ ಹೊಂದುವ ಜಾಗವೇ ಇರುವುದಿಲ್ಲ. "ಡಿಸ್ಕ್ ಹೋಗಿದೆ" ಎಂಬ ಮಾತು ಅಂಗಡಿಯಲ್ಲಿ ಸುಲಭವಾಗಿ ಕೇಳಿಬರುತ್ತದೆ. ವಾಸ್ತವದಲ್ಲಿ ಅನೇಕ ಬಾರಿ ಡಿಸ್ಕ್ ಸುಸ್ಥಿತಿಯಲ್ಲಿಯೇ ಇದ್ದು, ಎರಡರ ನಡುವಿನ ಸಂಪರ್ಕ ವಿಧಾನ ಮಾತ್ರ ಹೊಂದಿರುವುದಿಲ್ಲ.

ಇದು ಕೇವಲ ಅನುಕೂಲದ ಪ್ರಶ್ನೆಯೂ ಅಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನ ಪ್ರಕಾರ, ನೋಂದಾಯಿತ ವ್ಯಕ್ತಿಯು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಉದಾಹರಣೆಗೆ, 2023-24ನೇ ಸಾಲಿನ ವಾರ್ಷಿಕ ವಿವರಣೆಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿದ್ದರಿಂದ ಆ ಸಾಲಿನ ಲೆಕ್ಕ 2030ರ ಡಿಸೆಂಬರ್ 31ರವರೆಗೆ ನಮ್ಮ ಬಳಿ ಇರಲೇಬೇಕು. ಮೇಲ್ಮನವಿ ಮುಂತಾದ ನಡವಳಿಗಳು ಬಾಕಿ ಇದ್ದಲ್ಲಿ ಅವಧಿ ಇನ್ನೂ ದೀರ್ಘವಾಗಬಹುದು. ಖಾಸಗಿ ನಿಯಮಿತ ಕಂಪನಿಗಳು 2013ರ ಕಂಪನಿ ಕಾಯ್ದೆಯಂತೆ ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕ ಪುಸ್ತಕಗಳನ್ನು ಇಟ್ಟುಕೊಳ್ಳಬೇಕು. ಗಣಕಯಂತ್ರದ ತಂತ್ರಜ್ಞಾನವಾದರೋ ಇದಕ್ಕಿಂತ ಬೇಗನೆ ಬದಲಾಗುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕಿನ ಸಂಪರ್ಕ ವಿಧಾನಗಳನ್ನು ಗುರುತಿಸುವಷ್ಟು ತಿಳಿವಳಿಕೆ ಪ್ರತಿಯೊಬ್ಬ ವರ್ತಕನಿಗೂ ಅವಶ್ಯಕ.

ಹೊಂದಾಣಿಕೆ ಎಂದರೇನು?

ಭೌಗೋಳಿಕ ಗುರುತು ಪಡೆದಿರುವ ಮೊಳಕಾಲ್ಮುರು ಸೀರೆಯ ನೇಕಾರರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಜಕಾರ್ಡ್ ಮಗ್ಗದಲ್ಲಿ ಸೀರೆಯ ವಿನ್ಯಾಸವು ರಂಧ್ರ ಕೊರೆದ ರಟ್ಟಿನ ಕಾರ್ಡುಗಳಲ್ಲಿ ಅಡಗಿರುತ್ತದೆ. 240 ಕೊಕ್ಕೆಗಳ ಜಕಾರ್ಡಿಗೆಂದು ಕೊರೆದ ಕಾರ್ಡಿನ ಸರವನ್ನು 400 ಕೊಕ್ಕೆಗಳ ಜಕಾರ್ಡಿಗೆ ಏರಿಸಿದರೆ ವಿನ್ಯಾಸ ಮೂಡುವುದಿಲ್ಲ. ಕಾರ್ಡು ಕೆಟ್ಟಿರುವುದಿಲ್ಲ, ಮಗ್ಗವೂ ಕೆಟ್ಟಿರುವುದಿಲ್ಲ. ಒಂದು ಹೇಳುವುದನ್ನು ಇನ್ನೊಂದು ಗ್ರಹಿಸಲಾರದು, ಅಷ್ಟೇ.

ಈ ಹೋಲಿಕೆಗೆ ಚಾರಿತ್ರಿಕ ಆಧಾರವೂ ಉಂಟು. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಯಂತ್ರದಂತೆಯೇ ರಂಧ್ರದ ಕಾರ್ಡುಗಳಲ್ಲಿ ಮಾಹಿತಿ ಇಡುವ ಕ್ರಮವನ್ನು ಹರ್ಮನ್ ಹಾಲರಿತ್ 1890ರ ಅಮೆರಿಕದ ಜನಗಣತಿಗೆ ಬಳಸಿದನು. ಆತನ ಸಂಸ್ಥೆ 1911ರಲ್ಲಿ ಇತರ ಸಂಸ್ಥೆಗಳೊಡನೆ ವಿಲೀನಗೊಂಡು, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಅದೇ ಐಬಿಎಂ 1956ರಲ್ಲಿ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಬೃಹತ್ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ.

ಹಾರ್ಡ್ ಡಿಸ್ಕ್ ಮತ್ತು ಗಣಕಯಂತ್ರಗಳ ನಡುವೆ ಮೂರು ಬಗೆಯ ಹೊಂದಾಣಿಕೆ ಬೇಕು. ಮೊದಲನೆಯದು ಆಕಾರದ ಹೊಂದಾಣಿಕೆ, ಅಂದರೆ ಕನೆಕ್ಟರ್ ಕೂರಬೇಕು. ಎರಡನೆಯದು ಭಾಷೆಯ ಹೊಂದಾಣಿಕೆ. ಕನೆಕ್ಟರ್ ಕೂತರೂ ಎರಡೂ ಒಂದೇ ಸಂಕೇತ ಪದ್ಧತಿಯಲ್ಲಿ ವ್ಯವಹರಿಸಬೇಕು. ಮೂರನೆಯದು ಗಾತ್ರದ ಹೊಂದಾಣಿಕೆ. ಡಿಸ್ಕಿನ ಪೂರ್ಣ ಸಾಮರ್ಥ್ಯವನ್ನು ಯಂತ್ರವೂ ಅದರ ಕಾರ್ಯನಿರ್ವಹಣಾ ವ್ಯವಸ್ಥೆಯೂ ಗುರುತಿಸಬೇಕು. ಈ ಮೂರರಲ್ಲಿ ಯಾವುದು ತಪ್ಪಿದೆ ಎಂಬುದನ್ನು ಕಂಡುಕೊಂಡರೆ ಪರಿಹಾರ ತಾನಾಗಿಯೇ ತಿಳಿಯುತ್ತದೆ.

1. ಐಡಿಇ

1980ರ ದಶಕದ ಮಧ್ಯಭಾಗದಲ್ಲಿ ಬಳಕೆಗೆ ಬಂದ ಈ ವಿಧಾನಕ್ಕೆ ಎಟಿಎ ಅಥವಾ ಪಾಟಾ ಎಂಬ ಹೆಸರುಗಳೂ ಇವೆ. ಸುಮಾರು 2006ಕ್ಕಿಂತ ಹಿಂದೆ ಕೊಂಡ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಗುರುತಿಸುವುದು ಸುಲಭ: ಎರಡು ಸಾಲಿನಲ್ಲಿ ಒಟ್ಟು 40 ಪಿನ್‌ಗಳ ಅಗಲವಾದ ಕನೆಕ್ಟರ್, ಪಟ್ಟಿಯಂತಹ ಅಗಲ ಕೇಬಲ್, ಪಕ್ಕದಲ್ಲಿ ವಿದ್ಯುತ್ತಿಗಾಗಿ 4 ದಪ್ಪ ಪಿನ್‌ಗಳು. ಹಳೆಯ ಲ್ಯಾಪ್‌ಟಾಪ್‌ಗಳ ಎರಡೂವರೆ ಅಂಗುಲದ ಐಡಿಇ ಡಿಸ್ಕಿನಲ್ಲಿ ವಿದ್ಯುತ್ ಪಿನ್‌ಗಳೂ ಸೇರಿ 44 ಪಿನ್‌ಗಳಿರುತ್ತವೆ.

ಒಂದೇ ಕೇಬಲ್ಲಿಗೆ ಎರಡು ಡಿಸ್ಕ್‌ಗಳನ್ನು ಜೋಡಿಸಬಹುದಾದ್ದರಿಂದ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಜಂಪರ್ ಎಂಬ ಚಿಕ್ಕ ಕೊಂಡಿಯ ಮೂಲಕ ನಿಗದಿಪಡಿಸಬೇಕು. ಎರಡೂ ಮಾಸ್ಟರ್ ಆಗಿದ್ದರೆ ಡಿಸ್ಕ್ ಕಾಣದೇ ಹೋಗಬಹುದು. ಜಂಪರಿನ ಸ್ಥಾನಗಳ ಚಿತ್ರ ಸಾಮಾನ್ಯವಾಗಿ ಡಿಸ್ಕಿನ ಮೇಲಿನ ಚೀಟಿಯಲ್ಲಿಯೇ ಇರುತ್ತದೆ. ಕೇಬಲ್ಲಿನ ಅಂಚಿನ ಕೆಂಪು ಗೆರೆ ಒಂದನೆಯ ಪಿನ್ನಿನ ಗುರುತು. ಈ ವಿಧಾನದ ಗರಿಷ್ಠ ವೇಗ ಸೆಕೆಂಡಿಗೆ 133 ಮೆಗಾಬೈಟ್. ಪ್ರಮುಖ ತಯಾರಕರು ಐಡಿಇ ಹಾರ್ಡ್ ಡಿಸ್ಕ್ ತಯಾರಿಕೆಯನ್ನು ನಿಲ್ಲಿಸಿ ವರ್ಷಗಳೇ ಕಳೆದಿವೆ.

2. ಸಾಟಾ

2003ರಲ್ಲಿ ಬಂದ ಸಾಟಾ ವಿಧಾನ ಐಡಿಇಯ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಮಾಹಿತಿಗೆ 7 ಸಂಪರ್ಕಗಳ ಕಿರಿದಾದ ಕನೆಕ್ಟರ್, ವಿದ್ಯುತ್ತಿಗೆ 15 ಸಂಪರ್ಕಗಳ ಸ್ವಲ್ಪ ಅಗಲವಾದ ಕನೆಕ್ಟರ್ ಇದರ ಲಕ್ಷಣ. ಎರಡರ ತುದಿಯೂ ಮಡಚಿದ ಮೊಳೆಯಂತೆ ತಿರುಗಿರುವುದರಿಂದ ತಲೆಕೆಳಗಾಗಿ ಕೂರಿಸಲಾಗದು. ಒಂದು ಡಿಸ್ಕಿಗೆ ಒಂದು ಕೇಬಲ್ ಇರುವುದರಿಂದ ಮಾಸ್ಟರ್, ಸ್ಲೇವ್ ಎಂಬ ಗೊಂದಲವಿಲ್ಲ. ಮೇಜಿನ ಯಂತ್ರದ ಮೂರೂವರೆ ಅಂಗುಲದ ಡಿಸ್ಕಿಗೂ ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡಿಸ್ಕಿಗೂ ಕನೆಕ್ಟರ್ ಒಂದೇ.

ಸಾಟಾದ ಮೂರು ಪೀಳಿಗೆಗಳ ವೇಗ ಸೆಕೆಂಡಿಗೆ ಕ್ರಮವಾಗಿ 150, 300 ಮತ್ತು 600 ಮೆಗಾಬೈಟ್. ಹೊಸ ಡಿಸ್ಕನ್ನು ಹಳೆಯ ಯಂತ್ರಕ್ಕೆ ಜೋಡಿಸಿದರೆ ಸಾಮಾನ್ಯವಾಗಿ ಕಡಿಮೆ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ಕೆಲವು ಆರಂಭಿಕ ಯಂತ್ರಗಳು ಮಾತ್ರ ಹೀಗೆ ಹೊಂದಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಕೆಲವು ಡಿಸ್ಕ್‌ಗಳಲ್ಲಿ ವೇಗ ತಗ್ಗಿಸುವ ಜಂಪರ್ ಕೊಟ್ಟಿರುತ್ತಾರೆ. ಸಾಮಾನ್ಯ ಹಾರ್ಡ್ ಡಿಸ್ಕಿನ ನಿಜವಾದ ವೇಗ ಸೆಕೆಂಡಿಗೆ 100ರಿಂದ 200 ಮೆಗಾಬೈಟ್ ಆಸುಪಾಸಿನಲ್ಲಿರುತ್ತದೆ. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಯು ಸಾಟಾದಲ್ಲಿ 500 ಮೆಗಾಬೈಟ್ ದಾಟುತ್ತದೆ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದಾಗ ಟ್ಯಾಲಿ ಚುರುಕಾಗಿ ತೆರೆಯುವುದರ ಗುಟ್ಟು ಇದೇ.

3. ಸ್ಕಝಿ ಮತ್ತು ಸಾಸ್

ಇವು ಮುಖ್ಯವಾಗಿ ದೊಡ್ಡ ಕಚೇರಿಗಳ ಸರ್ವರ್‌ಗಳಿಗೆ ಮೀಸಲಾದವು. ಹಳೆಯ ಸ್ಕಝಿ ಡಿಸ್ಕ್‌ಗಳಲ್ಲಿ 50, 68 ಅಥವಾ 80 ಪಿನ್‌ಗಳಿರುತ್ತವೆ. ನಂತರ ಬಂದ ಸಾಸ್ ಡಿಸ್ಕ್ ನೋಟಕ್ಕೆ ಸಾಟಾದಂತೆಯೇ ಇದ್ದು, ಎರಡು ಕನೆಕ್ಟರ್‌ಗಳ ನಡುವಿನ ಖಾಲಿ ಜಾಗ ಮಾತ್ರ ತುಂಬಿರುತ್ತದೆ. ಸಾಸ್ ಯಂತ್ರಕ್ಕೆ ಸಾಟಾ ಡಿಸ್ಕ್ ಜೋಡಿಸಬಹುದು. ಸಾಟಾ ಯಂತ್ರಕ್ಕೆ ಸಾಸ್ ಡಿಸ್ಕ್ ಜೋಡಿಸಲಾಗದು. ಹಳೆಯ ಸರ್ವರಿನಿಂದ ಬಿಚ್ಚಿದ ಸಾಸ್ ಡಿಸ್ಕ್‌ಗಳು ಮಾರುಕಟ್ಟೆಯಲ್ಲಿ ಅಗ್ಗದ ಬೆಲೆಗೆ ಬರುತ್ತವೆ. ಬೆಲೆಯನ್ನಷ್ಟೇ ನೋಡಿ ಕೊಂಡವರಿಗೆ ಅವು ಉಪಯೋಗಕ್ಕೆ ಬಾರದೆ ಹೋಗುತ್ತವೆ. ಕೊಳ್ಳುವ ಮುನ್ನ ಚೀಟಿಯಲ್ಲಿನ ಅಕ್ಷರಗಳನ್ನು ಓದುವುದು ಒಳಿತು.

4. ಎಂ.2

ಈಚಿನ ಲ್ಯಾಪ್‌ಟಾಪ್ ಹಾಗೂ ಮೇಜಿನ ಯಂತ್ರಗಳಲ್ಲಿ ಬೆರಳಗಲದ ಪಟ್ಟಿಯಂತಹ ಎಸ್‌ಎಸ್‌ಡಿಗಳಿರುತ್ತವೆ. ಅವುಗಳ ಆಕಾರಕ್ಕೆ ಎಂ.2 ಎಂದು ಹೆಸರು. 2280 ಎಂದಿದ್ದರೆ ಅಗಲ 22 ಮಿಲಿಮೀಟರ್, ಉದ್ದ 80 ಮಿಲಿಮೀಟರ್ ಎಂದರ್ಥ. ಇಲ್ಲಿಯೇ ಅತಿ ಹೆಚ್ಚು ತಪ್ಪುಗಳಾಗುತ್ತವೆ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದರೊಳಗೆ ಸಾಟಾ ಭಾಷೆಯವೂ ಇವೆ, ಎನ್‌ವಿಎಂಇ ಎಂಬ ಹೊಸ ಭಾಷೆಯವೂ ಇವೆ. ಎನ್‌ವಿಎಂಇ ಎಸ್‌ಎಸ್‌ಡಿಗಳು ಸೆಕೆಂಡಿಗೆ 3000 ಮೆಗಾಬೈಟ್ ದಾಟುವಷ್ಟು ವೇಗದವಾಗಿರಬಹುದು. ಸಾಮಾನ್ಯವಾಗಿ ಸಾಟಾ ಪಟ್ಟಿಯಲ್ಲಿ ಎರಡು ಕಚ್ಚುಗಳೂ ಎನ್‌ವಿಎಂಇ ಪಟ್ಟಿಯಲ್ಲಿ ಒಂದು ಕಚ್ಚೂ ಇರುತ್ತವೆ. ಆದರೆ ಇದಕ್ಕೆ ಅಪವಾದಗಳಿರುವುದರಿಂದ ಯಂತ್ರದ ಕೈಪಿಡಿಯಲ್ಲಿ ಯಾವುದಕ್ಕೆ ಅವಕಾಶವಿದೆಯೆಂದು ನೋಡಿಯೇ ಕೊಳ್ಳಬೇಕು. ಹಳೆಯ ಯಂತ್ರಕ್ಕೆ ಅಡಾಪ್ಟರ್ ಕಾರ್ಡಿನ ಮೂಲಕ ಎನ್‌ವಿಎಂಇ ಜೋಡಿಸಿದರೂ, ಅದರಿಂದ ವಿಂಡೋಸ್ ಆರಂಭಿಸಲು ಯಂತ್ರದ ಬಯಾಸ್ ಒಪ್ಪದಿರುವ ಸಂದರ್ಭಗಳುಂಟು.

ಯುಎಸ್‌ಬಿ ಎಂಬ ಸೇತುವೆ

ಹಳೆಯ ಡಿಸ್ಕನ್ನು ಹೊಸ ಯಂತ್ರದಲ್ಲಿ ಓದಲು ಅತ್ಯಂತ ಸುಲಭ ಮಾರ್ಗವೆಂದರೆ ಯುಎಸ್‌ಬಿ ಅಡಾಪ್ಟರ್. ಐಡಿಇ ಮತ್ತು ಸಾಟಾ ಎರಡಕ್ಕೂ ಹೊಂದುವ ಅಡಾಪ್ಟರ್‌ಗಳು ದೊರೆಯುತ್ತವೆ. ಡಿಸ್ಕಿನ ಭಾಷೆಯನ್ನು ಯುಎಸ್‌ಬಿ ಭಾಷೆಗೆ ಬದಲಿಸುವ ದುಭಾಷಿಯ ಕೆಲಸವನ್ನು ಇದು ಮಾಡುತ್ತದೆ. ಮೂರೂವರೆ ಅಂಗುಲದ ಡಿಸ್ಕಿಗೆ 5 ವೋಲ್ಟ್ ಜೊತೆಗೆ 12 ವೋಲ್ಟ್ ವಿದ್ಯುತ್ತೂ ಬೇಕಾದ್ದರಿಂದ ಪ್ರತ್ಯೇಕ ವಿದ್ಯುತ್ ಪೂರೈಕೆಯಿರುವ ಅಡಾಪ್ಟರನ್ನೇ ಕೊಳ್ಳಬೇಕು. ಎರಡೂವರೆ ಅಂಗುಲದ ಡಿಸ್ಕಿಗೆ 5 ವೋಲ್ಟ್ ಸಾಕು. ಎಂ.2 ಪಟ್ಟಿಯ ಪೆಟ್ಟಿಗೆಗಳಲ್ಲಿ ಸಾಟಾಗೆ ಮಾತ್ರ, ಎನ್‌ವಿಎಂಇಗೆ ಮಾತ್ರ, ಎರಡಕ್ಕೂ ಎಂಬ ಮೂರು ಬಗೆಗಳಿವೆ.

ವೇಗದಲ್ಲಿಯೂ ವ್ಯತ್ಯಾಸವಿದೆ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ ಸುಮಾರು 30 ಮೆಗಾಬೈಟ್ ದೊರೆತರೆ 100 ಗಿಗಾಬೈಟ್ ನಕಲಿಗೆ ಒಂದು ಗಂಟೆಯಷ್ಟು ಬೇಕು. ಯುಎಸ್‌ಬಿ 3.0ರಲ್ಲಿ ಹಾರ್ಡ್ ಡಿಸ್ಕಿನ ಪೂರ್ಣ ವೇಗ ದೊರೆಯುವುದರಿಂದ ಅದೇ ಕೆಲಸ ಇಪ್ಪತ್ತು ನಿಮಿಷಗಳ ಒಳಗೆ ಮುಗಿಯಬಹುದು.

ಗಾತ್ರದ ಮಿತಿಗಳು

ಹಳೆಯ ಐಡಿಇ ಪದ್ಧತಿಯಲ್ಲಿ ಡಿಸ್ಕಿನ ಭಾಗಗಳನ್ನು ಎಣಿಸಲು ಇದ್ದ ಸಂಖ್ಯೆ ಚಿಕ್ಕದಾದ್ದರಿಂದ 137 ಗಿಗಾಬೈಟಿಗಿಂತ ಹೆಚ್ಚಿನ ಜಾಗ ಕಾಣುತ್ತಿರಲಿಲ್ಲ. 2002ರ ಸುಮಾರಿಗೆ ಈ ಮಿತಿ ನೀಗಿತು. ಆದರೂ ಅದಕ್ಕಿಂತ ಹಿಂದಿನ ಯಂತ್ರಗಳಲ್ಲಿಯೂ, ಮೊದಲ ಸರ್ವಿಸ್ ಪ್ಯಾಕ್ ಇಲ್ಲದ ವಿಂಡೋಸ್ ಎಕ್ಸ್‌ಪಿಯಲ್ಲಿಯೂ ಆ ಮಿತಿ ಹಾಗೆಯೇ ಉಳಿದಿರುತ್ತದೆ. ಹಳೆಯ ವಿಭಾಗ ಪಟ್ಟಿಯ ಕ್ರಮದಲ್ಲಿ ಸುಮಾರು 2 ಟೆರಾಬೈಟ್ ಎಂಬುದು ಮತ್ತೊಂದು ಮಿತಿ. ಅದಕ್ಕಿಂತ ದೊಡ್ಡ ಡಿಸ್ಕಿಗೆ ಬೇಕಾಗುವ ಜಿಪಿಟಿ ಕ್ರಮವನ್ನು ಸಾಮಾನ್ಯ ಬಳಕೆಯ 32 ಬಿಟ್ ವಿಂಡೋಸ್ ಎಕ್ಸ್‌ಪಿ ಓದಲಾರದು.

ಪೆನ್ ಡ್ರೈವಿನಲ್ಲಿ ಜಾಗವಿದ್ದರೂ 4 ಗಿಗಾಬೈಟಿಗಿಂತ ದೊಡ್ಡ ಕಡತ ನಕಲಾಗದಿದ್ದರೆ ಅದು ಫ್ಯಾಟ್ 32 ಪದ್ಧತಿಯಲ್ಲಿರುವುದೇ ಕಾರಣ. ಖಾಲಿ ಪೆನ್ ಡ್ರೈವನ್ನು ಎನ್‌ಟಿಎಫ್‌ಎಸ್ ಪದ್ಧತಿಗೆ ಬದಲಿಸಿಕೊಂಡರೆ ಈ ತೊಡಕು ತೀರುತ್ತದೆ.

ವೇಬ್ರಿಡ್ಜಿನ ಹಳೆಯ ಯಂತ್ರ

ಗಿರಣಿಗಳಲ್ಲಿ ವೇಬ್ರಿಡ್ಜಿಗೆ ಜೋಡಿಸಿದ ಗಣಕಯಂತ್ರವನ್ನು ಸೀರಿಯಲ್ ಪೋರ್ಟ್ ಮತ್ತು ಹಳೆಯ ತೂಕದ ತಂತ್ರಾಂಶದ ಕಾರಣದಿಂದ ಬದಲಿಸದೆ ನಡೆಸಿಕೊಂಡು ಬರುವುದುಂಟು. ಅದರೊಳಗಿನ ಐಡಿಇ ಡಿಸ್ಕ್ ಕೆಟ್ಟರೆ ಹೊಸದು ಸಿಗುವುದಿಲ್ಲ. ಲಾರಿಗಳ ಸಾಲು ನಿಂತಿರುವಾಗ ಹುಡುಕುತ್ತಾ ಹೋಗಲೂ ಆಗುವುದಿಲ್ಲ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಐಡಿಇಯಿಂದ ಸಾಟಾಗೆ ಬದಲಿಸುವ ಚಿಕ್ಕ ಪರಿವರ್ತಕ ಫಲಕದ ಮೂಲಕ ಸಾಟಾ ಡಿಸ್ಕ್ ಬಳಸುವುದು. ಇನ್ನೊಂದು, ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಸರಳ ಅಡಾಪ್ಟರಿನ ಮೂಲಕ ಜೋಡಿಸುವುದು. ಆ ಕಾರ್ಡು ಎಟಿಎ ಭಾಷೆಯನ್ನೇ ಬಲ್ಲದ್ದರಿಂದ ಹೊಂದಿಕೊಳ್ಳುತ್ತದೆ. ಯಾವುದೇ ಉಪಾಯವಾಗಲಿ, ಹಳೆಯ ಡಿಸ್ಕ್ ನಡೆಯುತ್ತಿರುವಾಗಲೇ ಅದರ ಪೂರ್ಣ ಪ್ರತಿಯನ್ನು ತೆಗೆದು, ಸುಗ್ಗಿಯ ಮುನ್ನ ಪರೀಕ್ಷಿಸಿ ಇಟ್ಟುಕೊಳ್ಳಬೇಕು.

ಲೆಕ್ಕಪತ್ರ ವರ್ಗಾಯಿಸುವ ಕ್ರಮ

1. ಹಳೆಯ ಯಂತ್ರ ಇನ್ನೂ ಚಾಲನೆಯಾಗುತ್ತಿದ್ದರೆ ಡಿಸ್ಕನ್ನು ಬಿಚ್ಚುವ ಗೋಜಿಗೆ ಹೋಗದೆ, ಅದರಿಂದಲೇ ಲೆಕ್ಕಪತ್ರದ ಬ್ಯಾಕಪ್ ತೆಗೆಯುವುದು ಉತ್ತಮ.

2. ಬಿಚ್ಚಲೇಬೇಕಾದಲ್ಲಿ ವಿದ್ಯುತ್ ತಂತಿಯನ್ನು ಕಳಚಿ, ಯಂತ್ರದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ನಮ್ಮ ಒಣ ಹವೆಯಲ್ಲಿ ಈ ಎಚ್ಚರ ಅವಶ್ಯಕ. ಯಂತ್ರ ಚಾಲನೆಯಲ್ಲಿರುವಾಗ ಐಡಿಇ ಕೇಬಲನ್ನು ಎಂದಿಗೂ ಕೀಳಬಾರದು.

3. ಹಳೆಯ ಡಿಸ್ಕನ್ನು ಹೊಸ ಯಂತ್ರದಲ್ಲಿ ಎರಡನೆಯ ಡಿಸ್ಕ್ ಆಗಿ ಮಾತ್ರ ಜೋಡಿಸಿ ಓದಬೇಕು. ಅದರಲ್ಲಿರುವ ಹಳೆಯ ವಿಂಡೋಸನ್ನು ಆರಂಭಿಸಲು ಯತ್ನಿಸಬಾರದು. ಸಾಟಾ ನಿರ್ವಹಣೆಯ ಕ್ರಮ ಬೇರೆಯಾಗಿರುವುದರಿಂದ ನೀಲಿ ಪರದೆ ಬಂದು ನಿಲ್ಲುವುದೇ ಹೆಚ್ಚು.

4. "ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು" ಎಂದು ವಿಂಡೋಸ್ ಸೂಚಿಸಿದರೆ ಒಪ್ಪಿಗೆ ಕೊಡಬಾರದು. ಇನಿಷಿಯಲೈಸ್ ಎಂಬ ಸೂಚನೆಗೂ ಇದೇ ಉತ್ತರ. ಆತುರದಲ್ಲಿ ಒತ್ತಿದ ಒಂದು ಗುಂಡಿಯಿಂದ ವರ್ಷಗಳ ಲೆಕ್ಕ ಕೈತಪ್ಪಬಹುದು.

5. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಿಟ್‌ಲಾಕರ್ ಕ್ರಮದಲ್ಲಿ ಗೂಢಲಿಪಿಯಾಗಿರಬಹುದು. ಬೇರೆ ಯಂತ್ರಕ್ಕೆ ಜೋಡಿಸಿದಾಗ 48 ಅಂಕಿಗಳ ಕೀಲಿ ಸಂಖ್ಯೆ ಕೇಳುತ್ತದೆ. ಅದನ್ನು ಮೊದಲೇ ಬರೆದು ತಿಜೋರಿಯಲ್ಲಿಡಬೇಕು.

6. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಪದೇ ಪದೇ ಬಂದರೆ ಕೂಡಲೇ ವಿದ್ಯುತ್ ಕಡಿದು, ಮತ್ತೆ ಮತ್ತೆ ಯತ್ನಿಸದೆ, ಮಾಹಿತಿ ಮರುಪಡೆಯುವ ತಜ್ಞರಿಗೆ ಒಪ್ಪಿಸಬೇಕು. ಮುಚ್ಚಳವನ್ನಂತೂ ತೆರೆಯಲೇಬಾರದು. ಓದುವ ಮುಳ್ಳು ತಟ್ಟೆಯ ಮೇಲೆ ಕೂದಲೆಳೆಗಿಂತ ಬಹುಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅಲ್ಲಿ ಒಂದು ಕಣ ಧೂಳು ಬಿದ್ದರೂ ಅಪಾಯ.

7. ಮೊದಲು ಇಡೀ ಲೆಕ್ಕಪತ್ರದ ಫೋಲ್ಡರನ್ನು ಎರಡು ಬೇರೆ ಕಡೆ ನಕಲು ಮಾಡಬೇಕು. ಹೊಸ ಆವೃತ್ತಿಯ ತಂತ್ರಾಂಶದಲ್ಲಿ ಒಂದು ನಕಲನ್ನು ಮಾತ್ರ ತೆರೆಯಬೇಕು. ಹಳೆಯ ಆವೃತ್ತಿಯ ಮಾಹಿತಿಯನ್ನು ಹೊಸ ರೂಪಕ್ಕೆ ಪರಿವರ್ತಿಸುವಾಗ ಮೂಲ ಪ್ರತಿ ಹಾಗೆಯೇ ಉಳಿದಿರಬೇಕು.

8. ಪರಿವರ್ತನೆಯ ನಂತರ ಆಯಾ ವರ್ಷದ ತಾಳೆಪಟ್ಟಿ ಹಾಗೂ ಅಂತಿಮ ಶಿಲ್ಕನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿ ನೋಡಬೇಕು. ಕಡತ ನಕಲಾಯಿತೆಂದ ಮಾತ್ರಕ್ಕೆ ಲೆಕ್ಕ ಬಂದಿತೆಂದು ಭಾವಿಸಲಾಗದು.

ಸಂಗ್ರಹಣೆ ಮತ್ತು ವಿಲೇವಾರಿ

ವರ್ಷಗಟ್ಟಲೆ ಕಪಾಟಿನಲ್ಲಿ ಇಡುವ ಪ್ರತಿಗೆ ಎಸ್‌ಎಸ್‌ಡಿ ಅಥವಾ ಪೆನ್ ಡ್ರೈವ್ ಸೂಕ್ತವಲ್ಲ. ದೀರ್ಘಕಾಲ ವಿದ್ಯುತ್ ಇಲ್ಲದಿದ್ದರೆ ಅವುಗಳ ಮಾಹಿತಿ ಕ್ಷೀಣಿಸುವ ಸಾಧ್ಯತೆಯಿದೆ. ಹೊರಗಿನಿಂದ ಜೋಡಿಸುವ ಸಾಮಾನ್ಯ ಹಾರ್ಡ್ ಡಿಸ್ಕ್ ಇದಕ್ಕೆ ಮೇಲು. ಒಂದು ಪ್ರತಿ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇದ್ದರೆ ಬೆಂಕಿ, ಕಳ್ಳತನಗಳಿಂದಲೂ ರಕ್ಷಣೆ ದೊರೆಯುತ್ತದೆ. ಸೀರೆಯ ವಿನ್ಯಾಸಗಳನ್ನು ಗಣಕಯಂತ್ರದಲ್ಲಿ ರೂಪಿಸುವ ತಯಾರಕರು ವಿನ್ಯಾಸದ ಕಡತಗಳಿಗೂ ಇದೇ ಕ್ರಮ ಅನುಸರಿಸಬೇಕು. ಕಳೆದುಹೋದ ಲೆಕ್ಕವನ್ನು ಬಿಲ್ಲುಗಳಿಂದ ಮತ್ತೆ ಬರೆಯಬಹುದು; ಕಳೆದುಹೋದ ವಿನ್ಯಾಸವನ್ನು ಮತ್ತೆ ಮೊದಲಿನಿಂದಲೇ ರಚಿಸಬೇಕಾಗುತ್ತದೆ.

ಕೆಲಸ ಮುಗಿದ ಡಿಸ್ಕನ್ನು ಹಾಗೆಯೇ ಗುಜರಿಗೆ ಹಾಕುವುದು ಸರಿಯಲ್ಲ. ಶೀಘ್ರ ಫಾರ್ಮ್ಯಾಟಿನಿಂದ ಮಾಹಿತಿ ಅಳಿಯುವುದಿಲ್ಲ. ಗ್ರಾಹಕರ ವಿವರ, ಬ್ಯಾಂಕ್ ಪತ್ರಗಳು ಅನ್ಯರ ಕೈ ಸೇರಬಹುದು. ಹಾರ್ಡ್ ಡಿಸ್ಕನ್ನು ಪೂರ್ಣವಾಗಿ ಅಳಿಸುವ ತಂತ್ರಾಂಶ ಬಳಸಿ ಅಥವಾ ತಟ್ಟೆಗಳನ್ನು ಡ್ರಿಲ್ಲಿನಿಂದ ಕೊರೆದು ನಿರುಪಯುಕ್ತಗೊಳಿಸಿ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆದಾರರಿಗೆ ನೀಡಬೇಕು.

ವರ್ತಕ ಬಾಂಧವರು ಪ್ರತಿ ವರ್ಷ ಮಾರ್ಚ್ ಮುಗಿದೊಡನೆ ಹೊಸ ಖಾತೆ ಆರಂಭಿಸುವಾಗ, ಹಳೆಯ ವರ್ಷಗಳ ಲೆಕ್ಕ ಯಾವ ಡಿಸ್ಕಿನಲ್ಲಿದೆ, ಅದು ಐಡಿಇಯೋ ಸಾಟಾವೋ ಎಂ.2ವೋ, ಅದನ್ನು ಓದಬಲ್ಲ ಯಂತ್ರ ಇಂದಿಗೂ ನಮ್ಮಲ್ಲಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬರುವ ಮುನ್ನವೇ, ಓದುವ ಯಂತ್ರ ಚಾಲ್ತಿಯಲ್ಲಿರುವಾಗಲೇ ಹಳೆಯ ಲೆಕ್ಕವನ್ನು ಹೊಸ ಡಿಸ್ಕಿಗೆ ದಾಟಿಸಿಕೊಳ್ಳಬೇಕು.